ಕಡದ ಹೆಸರು

ವರ್ನರ್, ಹನ್ನೊಂದೇ ದಿನ ಬದುಕಿದ ಕೂಸೇ,
ಎರಡು ಬಸ್ಸು ಬದಲಿಸಿ, ಹಿಂದೆ ಮುಂದೆ ನೋಡಿ,
ಲೆಕ್ಕ ಒಪ್ಪಿಸಲು ಬಂದಿದ್ದೇನೆ.
ಕಲ್ಲಿನ ಹಿಮ ಕೈಗವಸಿನಿಂದ ಒರೆಸಿದೆ:
ನಲವತ್ತನಾಲ್ಕು, ಮಾರ್ಚಿ ಮೂರು;
ಅದೇ ಮಾರ್ಚಿ, ಹದಿನಾಲ್ಕು.
ನಡುವಿನ ಗೀಟು ಉಗುರಿನಷ್ಟೂ ಇಲ್ಲ.
ಅದನ್ನೇ ಎಳೆದೂ ಎಳೆದೂ
ಮೂವತ್ತೈದಕ್ಕೆ ತಂದು ನಿಲ್ಲಿಸಿದ್ದೇನೆ.

ನಿನಗೀಗ ಡ್ರೈವಿಂಗ್ ಲೈಸೆನ್ಸ್ ಇದೆ.
ಲೈಬ್ರರಿ ಕಾರ್ಡಿದೆ, ಮೂವತ್ತು ಸೆಂಟು ದಂಡ ಬಾಕಿ.
ಎರಡು ದವಡೆಹಲ್ಲು ಹೋಗಿವೆ.
ಹೆಪ್ಪುಗಟ್ಟಿದ ಸರೋವರಕ್ಕೆ ತೂತು ಕೊರೆದು
ಬಕೆಟ್ಟು ಬೋರಲು ಹಾಕಿ ಕೂರುತ್ತೀಯ.
ಮೀನು ಬರುವುದಿಲ್ಲ. ಕಾಯುವುದು ಬರುತ್ತದೆ.
ಹೋದ ನವೆಂಬರಿನಲ್ಲಿ ಓಟೂ ಹಾಕಿದೆ,
ಸೋತವನಿಗೆ.

ನನ್ನ ಹೆಸರನ್ನು ನಿನಗೂ ಹೇಳಲಾರೆ.
ಹತ್ತು ವರ್ಷದಿಂದ ನಾಲಿಗೆಯಡಿ ಇದೆ,
ನೆನೆದ ಬಸ್ ಟಿಕೆಟ್ಟಿನಂತೆ ಅಕ್ಷರ ಅಳಿಸಿರಬಹುದು.
ಆಗ ಗಡ್ಡವಿತ್ತು, ಡೋಲಿತ್ತು,
ಬಾಯಿ ತೆರೆದರೆ ಬೀದಿ ತುಂಬುತ್ತಿತ್ತು.
ಕ್ಲೀವ್‌ಲ್ಯಾಂಡಿನಲ್ಲಿ ಒಂದು ರಾತ್ರಿ ಐದು ಜನ
ಸೇನಾ ಭರ್ತಿ ಕಚೇರಿಯ ಕಿಟಕಿಯಿಂದ ಇಳಿದು
ಹುಡುಗರ ಹೆಸರಿದ್ದ ಡ್ರಾಯರುಗಳಿಗೆಲ್ಲ
ಜೇನು ಹೊಯ್ದೆವು. ಹದಿನಾರು ಡಬ್ಬ, ಅಸಲಿ ಜೇನು.
ಹಾಳೆಗೆ ಹಾಳೆ ಅಂಟಿಕೊಳ್ಳಲಿ,
ಒಬ್ಬ ಹುಡುಗನನ್ನೂ ಎಳೆದು ತೆಗೆಯಲಾಗದಿರಲಿ ಅಂತ.
ನಗು ತಡೆಯಲು ಅಂಗಿಯ ತೋಳು ಕಚ್ಚಿಕೊಂಡಿದ್ದೆವು.

ಬೆಳಗಿನ ಪಾಳಿಯ ಕಾವಲುಗಾರ,
ಅರವತ್ತೊಂದು ವಯಸ್ಸು,
ಮೆಟ್ಟಿಲಿಗೆ ಚೆಲ್ಲಿದ್ದ ಜೇನಿಗೆ ಜಾರಿದ.
ಸೊಂಟ ಮುರಿಯಿತು. ಆಮೇಲೆ ನಡೆಯಲೇ ಇಲ್ಲವಂತೆ.

ನಿನ್ನ ಜನನಪತ್ರಕ್ಕೆ ಎರಡು ಡಾಲರು ಕೊಟ್ಟೆ.
ಹುಟ್ಟಿದ್ದು ಒಂದು ಪುಸ್ತಕದಲ್ಲಿ, ಸತ್ತದ್ದು ಇನ್ನೊಂದರಲ್ಲಿ;
ಆ ಪುಸ್ತಕಗಳಿಗೆ ಮಾತುಕತೆಯಿಲ್ಲ.
ನಾನು ಎಡಚ. ಅದು ಪೋಸ್ಟರಿನಲ್ಲೂ ಇದೆ.
ನಿನ್ನನ್ನು ಬಲಗೈಯವನಾಗಿ ಬೆಳೆಸಿದೆ,
ಒಂದಿಡೀ ಚಳಿಗಾಲ ಬಾಡಿಗೆ ಕೋಣೆಯಲ್ಲಿ ಕೂತು
ನಿನ್ನ ಸಹಿ ತಿದ್ದಿದೆ.

ಈಗ ನೀನು ಗ್ರೇವಲ್ ಬೇ ಅಂಚೆ ಕಚೇರಿಯ ಕಸ ಗುಡಿಸುತ್ತೀಯ.
ಗೋಡೆಯ ಮೇಲೆ ನಾನಿದ್ದೇನೆ, ಗಡ್ಡದ ಸಮೇತ.
ಶುಕ್ರವಾರಕ್ಕೊಮ್ಮೆ ನನ್ನ ಮುಖದ ಧೂಳು ನೀನು ಒರೆಸುತ್ತೀಯ.
ಪೋಸ್ಟ್‌ಮಾಸ್ಟರ್ ಲಾಹ್ತಿ ಹೇಳುತ್ತಾನೆ,
‘ಎಲ್ಲೋ ಮೆಕ್ಸಿಕೊದಲ್ಲಿ ಬಿಸಿಲು ಕಾಯಿಸುತ್ತಿದ್ದಾನೆ, ಕಳ್ಳ!’
ನೀನು ಹೌದೆನ್ನುತ್ತೀಯ,
ಬೂಟಿನ ಮಂಜು ಕೊಡವುತ್ತ.

ಅಮ್ಮ ಹೋದಳು. ನಾನು ಹೋಗಲಿಲ್ಲ.
ಮಣ್ಣಿಗೆ ಬಂದವರಲ್ಲಿ ಇಬ್ಬರು
ಯಾರ ನೆಂಟರೂ ಅಲ್ಲವಂತೆ, ಬೂಟು ಹೊಸದಂತೆ.
ಅಂದು ಇಲ್ಲಿ ಬಂದು ನಿನ್ನ ತಾಯಿಗಾಗಿ ಅತ್ತೆ.
ಅಷ್ಟಕ್ಕೆ ದಾಖಲೆ ಇತ್ತು ನನ್ನಲ್ಲಿ.

ಮೊನ್ನೆ ನಿನ್ನ ಹುಟ್ಟುಹಬ್ಬಕ್ಕೆ
ಲಾಹ್ತಿಯ ಹೆಂಡತಿ ಐಲಿ ಕೇಕು ಮಾಡಿದ್ದಳು.
ವರ್ನರನಿಗೆ ಜೇನು ಸೇರದೆಂದು ಊರಿಗೇ ಗೊತ್ತು,
ಹೇಗೋ ಮರೆತಿದ್ದಳು.
ಒಂದು ತುಣುಕು ತಿಂದೆ. ಇನ್ನೊಂದು.
ತಟ್ಟೆ ಬರಿದಾದ ಮೇಲೆ ಕಂಡಿತು:
ಚಮಚ ಎಡಗೈಯಲ್ಲಿತ್ತು.
ಐಲಿಗೂ ಕಂಡಿತು.
ಲಾಹ್ತಿ ಮಾತ್ರ, ಈ ಸಲ ಮಂಜು ಬೇಗ ಒಡೆಯುತ್ತದೆ,
ನೋಡ್ತಿರಿ, ಅನ್ನುತ್ತಿದ್ದ.

ಮರುದಿನ ಬೆಳಿಗ್ಗೆ
ಎಂದಿನಂತೆ ಕಾಫಿ ತಂದಿಟ್ಟಳು,
ಎಂದಿನಂತೆ ಏನೂ ಹೇಳಲಿಲ್ಲ.
ಕಪ್ಪಿನ ಹಿಡಿ ಎಡಕ್ಕೆ ತಿರುಗಿತ್ತು.

ಎತ್ತಿಕೊಳ್ಳಬೇಕಾದವನು ಯಾರು, ವರ್ನರ್?
ಅದು ಆರಿ ತಣ್ಣಗಾಗುವವರೆಗೂ
ಇಬ್ಬರೂ ಸುಮ್ಮನೆ ಕೂತಿದ್ದೆವು.