ತೂಕದ ಮಷಿನ್ನು

ಸೋಲಾಪುರದ ಲಾಡ್ಜಿನ ಹಾಲಿನ್ಯಾಗ ಎಸಿ ಇತ್ತು,
ಚಾ ಇತ್ತು, ತಲಿಗೆ ಎರಡು ಬಿಸ್ಕೀಟು.
ಖರೋಸೆ ಸಾಹೇಬ ಟೈ ಸರಿಮಾಡಿಕೊಂಡು ಹೇಳಿದ:
ನೀವು ಮಲಗಿದಾಗ ನಿಮ್ಮ ರೊಕ್ಕ ಎದ್ದು ದುಡೀಬೇಕು.
ನಲವತ್ತು ಮಂದಿ ಚಪ್ಪಾಳಿ ಹೊಡದ್ವಿ.
ಹಾಲಿನವರು, ಹೊಲಿಗಿಯವರು, ರಿಟಾಯರಾದ ಒಬ್ಬ ಮಾಸ್ತರ,
ಮತ್ತ ನಾನು, ಟಾವೆಲ್ ಕಾರಖಾನ್ಯಾಗ
ಇಪ್ಪತ್ತೆರಡು ವರ್ಷ ರಾತ್ರಿಪಾಳಿ ನಿಂತವ.
ಮಲಗೂದು ಅಂದಕೂಡಲೆ ನನ್ನ ಕಣ್ಣು ಒದ್ದಿ ಆದವು,
ಸುಳ್ಳಲ್ಲ.

ಫಂಡಿನ ರೊಕ್ಕದಾಗ ಮಷಿನ್ ಬಂತು.
ಅಕ್ಕಲಕೋಟ ಎಸ್‌ಟಿ ಸ್ಟ್ಯಾಂಡು, ದುಧನಿ ಗಾಡಿ ನಿಲ್ಲೂ ಜಾಗಾ,
ಕಂಬದ ಮಗ್ಗಲಿಗೆ.
ಕೆಂಪು ದೀಪ, ಹಸಿರು ದೀಪ, ಗಾಜಿನೊಳಗ ತಿರುಗೂ ಚಕ್ರ.
ಮಹಾನಂದಾ ಕುಂಕುಮ ಹಚ್ಚಿದಳು, ಕಾಯಿ ಒಡದಳು.
ಮೊದಲನೇ ಗಿರಾಕಿ ನಾನೇ.
ಐವತ್ತೆಂಟು ಕೇಜಿ. ಚೀಟಿ ಹಿಂದ ಭವಿಷ್ಯ:
ಶ್ರಮವಿಲ್ಲದೆ ಧನಲಾಭ.
ನನ್ನ ರೂಪಾಯಿ ನನ್ನ ಡಬ್ಬಿಗೇ ಬಿತ್ತು.
ಆ ಸಪ್ಪಳಕ್ಕ ಮನಿ ಮುಟ್ಟೂತನಕ ನಕ್ಕೋತ ಹೋದೆ.

ಅವತ್ತು ನಿದ್ದಿ ಹತ್ತಲಿಲ್ಲ.
ದಿನಕ್ಕ ನೂರು ಮಂದಿ ಅಂದರ ತಿಂಗಳಿಗೆ ಎಷ್ಟು,
ದುಧನಿ ಸ್ಟೇಷನ್ನಿಗೊಂದು, ವಾಗದರಿಗೊಂದು ಇಟ್ಟರ ಎಷ್ಟು,
ಗಡಿಯಾರ ಮೂರು ಹೊಡೀತು.
ಪಾಳಿ ಬಿಟ್ಟಿದ್ದೆ. ಪಾಳಿ ನನ್ನ ಬಿಟ್ಟಿರಲಿಲ್ಲ.

ಖರೋಸೆ ಹೇಳದೆ ಬಿಟ್ಟದ್ದು ಭಾಳ ಅದ.
ಮಷಿನ್ನಿಗೂ ಹೊಟ್ಟಿ ಇರತದ.
ಡೆಪೋದ ಘೋಡಕೆಗೆ ತಿಂಗಳ ಬಾಡಿಗಿ,
ಅದರ ಮ್ಯಾಲ ಅವನ ಮಗನ ಹುಟ್ಟುಹಬ್ಬ, ವರ್ಷಕ್ಕ ಮೂರು ಸಲ.
ಕರೆಂಟು ಹೋಗಿ ಬಂತಂದರ
ಕೂಸಿಗೂ ಪೈಲವಾನಗೂ ಒಂದೇ ತೂಕ, ನೂರಾ ಹನ್ನೊಂದು.
ಹುಡುಗರು ವಾಶರ್ ಹಾಕಿ ತೂಗಿಕೊಂಡರು.
ಒಬ್ಬಾಕಿ, ಇದು ನನ್ನ ತೂಕ ಅಲ್ಲ ಅಂತ,
ಬಂದ ಬಸ್ಸು ಬಿಟ್ಟು ಜಗಳಕ್ಕ ನಿಂತಳು.
ಈಗಂತೂ ಯಾರ ಕಿಸೆದಾಗೂ ಚಿಲ್ಲರ ಇಲ್ಲ,
ಮೊಬೈಲ್ ಹಿಡೀತಾರ. ನನ್ನ ಮಷಿನ್ನಿಗೆ
ಬಾಯಿ ಅದ, ಕಣ್ಣಿಲ್ಲ.

ಆಮ್ಯಾಲ ಟೈಫಾಯ್ಡ್. ಇಪ್ಪತ್ತು ದಿನ ಹಾಸಿಗಿ.
ಡಬ್ಬಿ ಒಡದಿರತಾರ, ಗಾಜು ಒಡದಿರತಾರ, ಅಂದುಕೊಂಡೇ ಹೋದೆ.
ಗಾಜು ಥಳಥಳ. ಡಬ್ಬಿಯೊಳಗ ಮುನ್ನೂರಾ ನಲವತ್ತು,
ಒಂದೂ ವಾಶರ್ ಇಲ್ಲ.
ಮಲಗಿದಾಗ ಬಂದ ರೊಕ್ಕ ನನ್ನ ಜೀವನದಾಗ ಅದೇ ಮೊದಲು.

ಫುಟಾಣಿ ಮಾರೂ ಶಹಜಾದಬಿ ತಲಿ ಎತ್ತದೆ ಹೇಳಿದಳು:
ಕರೆಂಟು ಬಂದಾಗ ಸ್ವಿಚ್ ಆರಿಸಿ ಹಚ್ಚಬೇಕು ನೋಡಣ್ಣಾ,
ಆಗ ಸರಿ ತೂಗತದ.
ನೋಟು ತಂದವರಿಗೆ ಚಿಲ್ಲರ ಕೊಟ್ಟೆ. ಹುಡುಗರಿಗೆ ಬೈದೆ.
ಮುಂಜಾನೆ ನನ್ನ ಬುಟ್ಟಿ ಒರಸೂ ಅರಿವಿಲೇ ಒರಸಿದೆ, ಮಗ್ಗಲಾಗೇ ಅದಲ್ಲ.
ಯಾರು ಮಾಡಂದರು?
ಯಾರಂದರು ಅಂದರ? ಧೂಳು ಕುಂದರತಿತ್ತು.

ಅರ್ಧ ರೊಕ್ಕ ಎಣಿಸಿ ಚಾಚಿದೆ. ಮುಟ್ಟಲಿಲ್ಲ.
ರೊಕ್ಕ ಇರಲಿ, ನಿನ್ನ ಹತ್ತರ ಪಾನಾ, ಇಕ್ಕಳ ಅವ ಅಲ್ಲ,
ನನ್ನ ತಕ್ಕಡಿ ಒಂದೇ ಕಡೆ ಜಗ್ಗತದ, ನೋಡು.

ಮೂರು ತಾಸು ಹಿಡೀತು.
ಮಾಲಿನ ಪರಡಿಗೆ ಜಂಗು ತಿಂದು ಹಗರ ಆಗಿತ್ತು.
ಎಷ್ಟು ವರ್ಷದಿಂದಲೋ, ಪ್ರತಿ ಗಿರಾಕಿಗೂ
ಒಂದು ಚಿಟಿಕಿ ಫುಟಾಣಿ ಜಾಸ್ತಿ ಹೋಗಿತ್ತು.
ಹೇಳಿದೆ. ಆಕಿ ನಕ್ಕಳು:
ಅದಕ್ಕೇ ಏನೋ, ಮಂದಿ ತಿರುಗಿ ಬರತಿದ್ದರು.

ಪರಡಿ ಕೆಳಗ ತಂತಿ ಸುತ್ತಿ ಸಮ ಮಾಡಿದೆ.
ಕೈ ಒರಸಿಕೊಂಡು ಮಷಿನ್ನಿಗೆ ಬೆನ್ನು ಹಚ್ಚಿ ಕುಂತೆ,
ಒಳಗ ಚಕ್ರ ತಿರುಗೂದು ಬೆನ್ನಿಗೆ ಹತ್ತತಿತ್ತು.
ಯಾರೋ ರೂಪಾಯಿ ಹಾಕಿದರು. ಇನ್ನೊಬ್ಬರು.
ಆಮ್ಯಾಲ ಗೊತ್ತಿಲ್ಲ.

ಏ ಅಣ್ಣಾ, ಏಳು,
ಕಡೀ ಗಾಡಿ ಬಂತು.