ಹುಲಕೋಟಿ ದಾಟಿದ ಮ್ಯಾಲ

ಭಾರದ್ದು ಮೊದಲು, ಇಮಾಮ್ಯಾ.
ಕ್ಯಾಬಿನ್ನಿಗೆ ಬೆನ್ನು ಹಚ್ಚಿ ನಿಲ್ಲಬೇಕು ಕಪಾಟು,
ಅತ್ತಿ ಮುಂದ ಹೊಸಾ ಸೊಸಿ ನಿಂತಂಗ.
ಅಲ್ಲಾಡಬಾರದು.
ಬಾಗಲಕ್ಕ ಕೀಲಿ ಹಾಕಿ ಕೀಲಿಕೈ ಕಸ್ತೂರಕ್ಕಗ ಕೊಡು,
ನಿನ್ನ ಕಿಸೇದಾಗ ಬ್ಯಾಡ.
ಕನ್ನಡಿ ಒಳಮಾರಿ ಇರಲಿ, ಇಲ್ಲಂದ್ರ
ಹಿಂದಿನ ಲಾರಿಯಾಂವನ ಕಣ್ಣು ಕುಕ್ಕತೈತಿ ಬಿಸಲು.
ನಡುವ ಕೌದಿ ತುರುಕು.
ಕಟಗಿಗೆ ಕಟಗಿ ಹತ್ತಿದ್ರ
ದಾರಿ ತುಂಬ ಕಚ್ಚಾಡತಾವ, ಇಳಿಸೂದ್ರಾಗ ಎರಡೂ ಹಾಳು.

ಪಲ್ಲಂಗದ ಕಾಲು ಬಿಚ್ಚು.
ನಟ್ಟು ಬೋಲ್ಟು ಒಂದು ಹರಕ ಕಾಲಚೀಲದಾಗ ಕಟ್ಟಿ
ಸೀಟಿನ ಕೆಳಗ ಇಡು. ಅವು ಕಳದ್ರ
ಇವತ್ತ ರಾತ್ರಿ ಯಾರೋ ನೆಲಕ್ಕ ಮಲಗತಾರ.

ಗಾದಿ ಮ್ಯಾಲ ನೀ ಕುಂತ್ರ ಗಾದಿ ತಡೀತೈತಿ ಅಂತ ತಿಳೀಬ್ಯಾಡ.
ಹುಲಕೋಟಿ ದಾಟಿದ ಮ್ಯಾಲ ಎರೀಹೊಲದ ಗಾಳಿ.
ಅದಕ್ಕ ಗಾದಿನೂ ಒಂದ, ನೀನೂ ಒಂದ.
ಮುಂದ ಬಾ, ಕ್ಯಾಬಿನ್ನಿನ್ಯಾಗ ಒತ್ತಿ ಕುಂಡ್ರು.

ಹೊರಗ ಚಾಚಿದ ಪಟ್ಟಿಗೆ ಕೆಂಪು ಬಟ್ಟಿ ಬೇಕು ಅಂದೆ.
ಅಕ್ಕ ಒಳಗ ಹೋಗಿ ಒಂದು ಖಣ ತಂದು ಕೊಟ್ಟಳು,
ಉಡಿ ತುಂಬಿದ್ದು, ಮಡಿಕಿ ಸೈತ ಬಿಚ್ಚಿರಲಿಲ್ಲ.
‘ಇದು ಬ್ಯಾಡ್ರೀ’ ಅಂದೆ.
‘ಕೆಂಪು ಐತಿಲ್ಲೋ’ ಅಂದಳು.

ನಿನಗ ಗೊತ್ತಿಲ್ಲ.
ಆರು ವರ್ಷದ ಹಿಂದ ಇದೇ ಕಪಾಟು
ಹುಬ್ಬಳ್ಳಿಯಿಂದ ಬೆಟಗೇರಿಗೆ ತಂದಾಂವ ನಾನ,
ಇದೇ ಗಾಡ್ಯಾಗ, ಬಂಪರಿಗೆ ಮಾವಿನ ತೊಪ್ಪಲ ಕಟ್ಟಿ.
ಎಡಗಡೆ ಬಾಗಲದ ಮ್ಯಾಲ ಗೇಣುದ್ದ ಗೀರು ಐತೆಲ್ಲ,
ಅದು ನಂದು.
ನಲವಡಿ ಹತ್ರ ಕುರಿ ಅಡ್ಡ ಬಂದವು, ಬ್ರೇಕ್ ತುಳದೆ.
ಹಗ್ಗ ಒಂದು ಸುತ್ತು ಕಡಿಮಿ ಇತ್ತು,
ನಡುವ ಕೌದಿ ಇರಲಿಲ್ಲ.

ಬೀಗರು ಅಂಗಳದಾಗ ನಿಂತು ಎಣಿಸಿದರು:
ಪಲ್ಲಂಗ ಒಂದು, ಕಪಾಟು ಒಂದು, ಕುರ್ಚಿ ನಾಕು.
ಮುದುಕಿ ಗೀರಿನ ಮ್ಯಾಲ ಬಳ್ಳು ಆಡಿಸಿದಳು.
‘ವಾಪರಿಸಿದ್ದು ಕಳಸ್ಯಾರ’ ಅಂದಳು.
ಮದುಮಗಳು ತಲಿ ಎತ್ತಿ ನನ್ನ ಕಡೆ ನೋಡಿದಳು, ಒಂದೇ ಸಲ.
ನಾ ಹಗ್ಗ ಸುತ್ತಕೋತ ನಿಂತಿದ್ದೆ.
ಭಾಡಿಗಿ ಇನ್ನೂ ಬರೂದಿತ್ತು.

ಅಣ್ಣಿಗೇರ್‍ಯಾಗ ಗಾಡಿ ನಿಲ್ಲಸಿದೆ.
ಹೊಸಾ ಗಂಟು ಮೊದಲ ಹತ್ತು ಮೈಲಿನ್ಯಾಗ ಸಡಲತೈತಿ,
ಇಳದು ಕೈ ಹಚ್ಚಿ ನೋಡಬೇಕು, ಕಣ್ಣಿಗೆ ತಿಳಿಯೂದಿಲ್ಲ.
ಅಕ್ಕನೂ ಇಳದಳು.
ನೀ ಗೀರು ನೋಡಿ ಗಾಬರ್‍ಯಾದಿ, ಇವತ್ತಿಂದು ಅಂತ.
‘ಅಂಜಬ್ಯಾಡ ತಮ್ಮಾ, ಅದು ಮೊದಲಿಂದ ಐತಿ’
ಅಂದಳಲ್ಲ ನಿನಗ,
ನನ್ನ ಕಡೆ ನೋಡಲಿಲ್ಲ.

ನಲವಡಿ ಬಂತು. ಕುರಿ ಇರಲಿಲ್ಲ. ಆದ್ರೂ ಹಗರಕ ಹೊಡದೆ.
ಶಿರಗುಪ್ಪಿ ಬಂತು. ಹೇಳಬೇಕಂದೆ.
‘ಅಕ್ಕಾ’ ಅಂದೆ.
‘ಹೂಂ’ ಅಂದಳು.
‘ಮಂಟೂರ ರೋಡಿನ ಮನಿ, ಪಾವಟಿಗಿ ಎಷ್ಟದಾವ?’
‘ಹದಿನೆಂಟು. ನಡುವ ಒಂದು ತಿರುವು.’

ತಿರುವಿನ್ಯಾಗ ಕಪಾಟು ನಿಲ್ಲಸಿ ಎತ್ತಬೇಕು, ಇಮಾಮ್ಯಾ,
ಭಾರ ಕೆಳಗಿನಾಂವಗ ಬೀಳತೈತಿ.
ಕೆಳಗ ನಾ ಇರತೀನಿ.
ನೀ ಮ್ಯಾಲ ಹಿಡಿ, ಗ್ವಾಡಿ ನೋಡಕೋತ.