ಮೊದಲ ಕಿಲೋಮೀಟರು

ಜಾಕಿನ ಮೇಲೆ ಕೂತಿದೆ ನಿಮ್ಮ ನಲವತ್ತೇಳರ ಶೆವ್ರೊಲೆ,
ದೋನ್ಯಾ ಒಫೇಲಿಯಾ, ನಾಲ್ಕೂ ಚಕ್ರ ಕಳಚಿ,
ಹೊಳೆಗಿಳಿಯಲು ಲಂಗ ಎತ್ತಿಕೊಂಡ ಅಜ್ಜಿಯ ಹಾಗೆ.
ಅವಸರ ಬೇಡ. ಮಾಟೆ ಚಹಾ ಬಿಸಿಯಾಗಿದೆ.
ಮೊದಲು ಇಲ್ಲಿ ನೋಡಿ, ಟೈರಿನ ಪಕ್ಕೆ:
ಹಲ್ಲೆಲ್ಲ ಗಟ್ಟಿ, ಚರ್ಮ ಮಾತ್ರ ಒಣಗಿ ಬಿರಿದಿದೆ.
ಹುಟ್ಟಿದ ವಾರವನ್ನು ಇಲ್ಲೇ ಒತ್ತಿರುತ್ತಾರೆ;
ಮೂರೇ ಅಂಕಿ, ಅಂದರೆ ಹೋದ ಶತಮಾನದ್ದು.
ಜನ ಹಲ್ಲು ಎಣಿಸುತ್ತಾರೆ. ನಾನು ಸುಕ್ಕು ಎಣಿಸುತ್ತೇನೆ.

ಇದು ನೈಲಾನು. ಒಳಗೆ ನೂಲು ಓರೆಯಾಗಿ
ಒಂದರ ಮೇಲೊಂದು ಕತ್ತರಿ ಹಾಕಿ ಮಲಗಿದೆ,
ಬೆತ್ತದ ಕುರ್ಚಿಯ ಹೆಣಿಗೆಯಂತೆ.
ರಸ್ತೆಯಲ್ಲಿ ಉದ್ದಕೆ ಒಂದು ಗೀರು ಕಂಡರೆ ಸಾಕು,
ವಾಸನೆ ಹಿಡಿದ ನಾಯಿಯಂತೆ ಅದರ ಹಿಂದೆಯೇ.
ಸ್ಟೇರಿಂಗು ಎಳೆದೂ ಎಳೆದೂ ಭುಜ ಸೋತಿತೆಂದು
ಹೋದ ವಾರ ನೀವು ಹೇಳಿದ್ದು ಇದನ್ನೇ.

ರೇಡಿಯಲ್ಲಿನ ನೂಲು ನೇರ, ಅಂಚಿನಿಂದ ಅಂಚಿಗೆ,
ಅದರ ಮೇಲೊಂದು ಉಕ್ಕಿನ ನಡುಪಟ್ಟಿ.
ಮಾರುವವನಾದರೂ ಸುಳ್ಳು ಹೇಳಲಾರೆ:
ಹೊಟ್ಟೆ ಸ್ವಲ್ಪ ಮುಂದೆ ಬರುತ್ತದೆ. ಗಾಳಿ ಎಷ್ಟು ತುಂಬಿದರೂ
"ಸೆನ್ಯೋರಾ, ಟೈರು ಇಳಿದಿದೆ!" ಎಂದು
ಸೈಕಲ್ಲಿನ ಹುಡುಗರು ಕೂಗುತ್ತಾರೆ. ಕೈ ಬೀಸಿ ಹೋಗಿಬಿಡಿ.
ನಿಲ್ಲಿಸುವಾಗ ಸ್ಟೇರಿಂಗು ಬೀಸುವ ಕಲ್ಲಿನಷ್ಟು ಭಾರ,
ಓಡುವಾಗ ಹಗುರ. ಟ್ಯೂಬು ಹೇಗೂ ಬೇಕು.
ಬಿಳಿ ಪಟ್ಟಿಯದ್ದು ಬೇಕಾದರೆ ಮೊಂಟೆವಿಡಿಯೊದಿಂದ ಬರಬೇಕು;
ಬೆಲೆ ಕೇಳುವ ಮೊದಲು ಇನ್ನೊಂದು ಗುಟುಕು ಕುಡಿಯಿರಿ.

ಮುಂದೆರಡು ಹೊಸದು, ಹಿಂದೆ ಹಳೆಯವೇ ಇರಲಿ ಎಂದಿರಿ.
ಬೇಡ. ಎತ್ತು ಏರಿಗೆ, ಕೋಣ ನೀರಿಗೆ.
ಅದೂ ಸೇತುವೆಯ ತಿರುವಿನಲ್ಲಿ, ಮಳೆ ಬಿದ್ದ ದಿನ.

ರಿಮ್ಮುಗಳನ್ನು ತೂಗುಹಾಕಿ ಸುತ್ತಿಗೆಯಿಂದ ಮುಟ್ಟಿ ನೋಡಿದೆ.
ಮೂರು, ಗಂಟೆಯಂತೆ ಮೊಳಗಿದವು.
ನಾಲ್ಕನೆಯದು ಕೆಮ್ಮಿತು.
ನಟ್ಟಿನ ತೂತಿನಿಂದ ಹೊರಟ ಕೂದಲೆಳೆಯ ಬಿರುಕು.
ರೇಡಿಯಲ್ಲು ನೆಲ ಬಿಡುವ ಜಾತಿಯಲ್ಲ, ತಿರುವಿನ ಭಾರವೆಲ್ಲ
ರಿಮ್ಮಿನ ತಲೆಗೇ. ಡೊಲೋರೆಸ್ಸಿನ ಗುಜರಿಯಲ್ಲಿ
ಇಂಥದ್ದೇ ಒಂದಿದೆ, ಶನಿವಾರದೊಳಗೆ ತರುತ್ತೇನೆ.

ಇಷ್ಟೆಲ್ಲ ಒದರಿದ ಮೇಲೆ ನೀವು ಕೇಳಿದ್ದು ಒಂದೇ:
"ಆ ದಬದಬ ನಿಲ್ಲುತ್ತದೆಯೇ, ವಾಷಿಂಗ್ಟನ್?"

ನಿಲ್ಲುತ್ತದೆ ಎಂದೆ, ಜಂಬದಿಂದ.
ರಾತ್ರಿಯಿಡೀ ನಿಂತ ನೈಲಾನು ನೆಲ ತಾಗಿದ ಕಡೆ ಚಪ್ಪಟೆ.
ಬಿಸಿಯೇರುವ ತನಕ, ಒಂದು ಕಿಲೋಮೀಟರು,
ತಾನು ನಿಂತಿದ್ದೆ, ನಿಂತಿದ್ದೆ ಎಂದು
ರಸ್ತೆಗೆ ದೂರು ಹೇಳುತ್ತ ಓಡುತ್ತದೆ.
ರೇಡಿಯಲ್ಲಿಗೆ ಆ ಚಾಳಿಯಿಲ್ಲ.

ಆಮೇಲೆ ನಾಲಿಗೆ ಕಚ್ಚಿಕೊಂಡೆ.
ನಿಮ್ಮಕ್ಕ ನೆಲಿದಾ ಈ ಊರಿನ ಸೂಲಗಿತ್ತಿ.
ನಡುರಾತ್ರಿ ದಬದಬ ಕೇಳಿದರೆ
ಯಾರಿಗೋ ನೋವು ಶುರುವಾಗಿದೆಯೆಂದು ಬೀದಿಗೇ ಗೊತ್ತು.
ದೂರದ ದ್ರಾಕ್ಷಿ ತೋಟಗಳಿಗೆ ಆಕೆ ಸದ್ದಿಲ್ಲದೆ ತಲುಪುತ್ತಿದ್ದಳು.
ನಮ್ಮ ಮನೆ ಮಾತ್ರ ಆ ಮೊದಲ ಕಿಲೋಮೀಟರಿನ ಒಳಗೆ.
ಅಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡನಂತೆ,
ಹಾಸಿಗೆಯಲ್ಲಿ ಅಮ್ಮ,
ಎಣಿಸುವಷ್ಟು ಹತ್ತಿರ ಬಂದ ದಬದಬ.
ಆ ಲೆಕ್ಕಕ್ಕೆ ನಾನೂ ಕೇಳಿದ್ದೇನೆ, ಒಳಗಿನಿಂದ.

ನೀವು ಸ್ಟೂಲಿನಿಂದೆದ್ದು ಲಂಗದ ಧೂಳು ಕೊಡವಿದಿರಿ.
"ಅಕ್ಕನಿಗೆ ತೊಂಬತ್ತೊಂದು. ಬೆನ್ನು ಗಾಜಿನದು.
ಪುಂತಾ ಗೋರ್ದಾಗೆ ಕರೆದೊಯ್ದು ನದಿ ತೋರಿಸಬೇಕು.
ನಾಲ್ಕೂ ರೇಡಿಯಲ್ಲೇ ಹಾಕು. ಬಿಳಿ ಪಟ್ಟಿ ಬೇಡ."
ಸ್ಟೆಪ್ನಿ ಮಾತ್ರ ಹಳೆಯದೇ, ಡಿಕ್ಕಿಯಲ್ಲಿ.
ಅದು ನನ್ನ ಸಲಹೆಯಲ್ಲ, ನಿಮ್ಮ ಹಟ.

ಭಾನುವಾರ ಹಿಂದಿನ ಸೀಟಿನಲ್ಲಿ ನಾನೂ,
ನಾಲ್ಕನೆಯ ರಿಮ್ಮಿನ ಸದ್ದು ಕೇಳುವ ನೆಪ.
ಮುಂದೆ ನೆಲಿದಾ, ತೊಡೆಯ ಮೇಲಿನ ಕೈಚೀಲ ಬಿಗಿಹಿಡಿದು,
ಕಣ್ಣು ಮುಚ್ಚಿ.
ಬೇಕರಿ ದಾಟಿತು. ನಮ್ಮ ಮನೆ ದಾಟಿತು.
ನೀಲಗಿರಿ ಮರಗಳ ಸಾಲು ಮುಗಿದು ಹೆದ್ದಾರಿಗೆ ಬಿದ್ದೆವು,
ಕಪ್ಪಿನ ಚಹಾ ತುಳುಕಲಿಲ್ಲ.

ಆಕೆ ಕಣ್ಣು ತೆರೆಯದೆ ಕೇಳಿದಳು:
"ಇನ್ನೂ ಯಾಕೆ ಹೊರಟಿಲ್ಲ, ಒಫೇಲಿಯಾ?
ಅಲ್ಲಿ ಕಾಯುತ್ತಿರುತ್ತಾರೆ."